ಜರ್ಮನ್ ನಾಲಗೆಗೆ ಬಂತು, ಧಾಟಿ ಮಾತ್ರ ಕನ್ನಡದ್ದೇ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೀಗ 38 ವರ್ಷ. ನಾಲ್ಕು ವರ್ಷಗಳಿಂದ ಜರ್ಮನ್ ಕಲಿಯುತ್ತಿದ್ದು, ಬಿ2 (ಮೇಲ್ಮಧ್ಯಮ) ಹಂತದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೇನೆ. ವ್ಯಾಕರಣ ಶುದ್ಧವಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಾನು ಎರಡನೆಯ ವಾಕ್ಯ ಮುಗಿಸುವಷ್ಟರಲ್ಲಿ ಎದುರಿಗಿರುವ ಜರ್ಮನ್ನರು ಇಂಗ್ಲಿಷ್‌ಗೆ ಹೊರಳಿಬಿಡುತ್ತಾರೆ. ‘ಈ’ ಮತ್ತು ‘ಊ’ಗಳ ನಡುವಿನ ಸ್ವರವನ್ನೂ, ‘ನಾನು’ ಎಂಬರ್ಥದ ‘ಇಷ್’ ಪದದ ಕೊನೆಯ ಧ್ವನಿಯನ್ನೂ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೇನೆ. ಹಾಗಿದ್ದರೆ ತಪ್ಪು ಎಲ್ಲಿದೆ?

ಉತ್ತರ: ತಪ್ಪು ನೀವು ಅಭ್ಯಾಸ ಮಾಡಿದ ಧ್ವನಿಗಳಲ್ಲಿ ಇರುವ ಸಾಧ್ಯತೆ ಕಡಿಮೆ, ಅಭ್ಯಾಸವೇ ಬೇಡವೆಂದು ನೀವು ಬಿಟ್ಟ ಧ್ವನಿಗಳಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಅಮೆರಿಕದ ಧ್ವನಿವಿಜ್ಞಾನಿ ಜೇಮ್ಸ್ ಫ್ಲೆಗೆ 1995ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಇದೇ ಆಗಿದೆ: ತಾಯ್ನುಡಿಯಲ್ಲಿ ಇಲ್ಲವೇ ಇಲ್ಲದ ಧ್ವನಿಯನ್ನು ಕಿವಿ ಹೊಸದೆಂದು ಗುರುತಿಸಿ ಅದಕ್ಕೊಂದು ಪ್ರತ್ಯೇಕ ಜಾಗ ಮಾಡಿಕೊಳ್ಳುತ್ತದೆ, ಆದರೆ ತಾಯ್ನುಡಿಯ ಧ್ವನಿಯನ್ನು ಹೋಲುವ ಧ್ವನಿಯನ್ನು ಹಳೆಯ ಜಾಗದಲ್ಲೇ ಕೂರಿಸಿಬಿಡುತ್ತದೆ. ನಿಮ್ಮ ಧಾಟಿ ಬಯಲಾಗುವುದು ಈ ಎರಡನೆಯ ಬಗೆಯ ಧ್ವನಿಗಳಲ್ಲಿ.

ಮೊದಲಿಗೆ ‘ಟ’ ಮತ್ತು ‘ಡ’ಗಳನ್ನು ನೋಡೋಣ. ಇಂಗ್ಲಿಷ್ ಪದಗಳಿಗೆ ನಾವು ಬಳಸುವ ಮೂರ್ಧನ್ಯ ಟ-ಡಗಳನ್ನೇ, ಅಂದರೆ ನಾಲಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ ಧ್ವನಿಗಳನ್ನೇ, ಜರ್ಮನ್ನಿಗೂ ಒಯ್ಯುತ್ತೇವೆ. ಜರ್ಮನ್ನಿನಲ್ಲಿ ನಾಲಗೆ ಮಡಿಸುವ ಧ್ವನಿಯೇ ಇಲ್ಲ. ಅಲ್ಲಿ ನಾಲಗೆಯ ತುದಿ ಮೇಲಿನ ಹಲ್ಲುಗಳ ಹಿಂದಿನ ವಸಡನ್ನು ಮುಟ್ಟುತ್ತದೆ, ಆದ್ದರಿಂದ ಅದು ನಮ್ಮ ‘ಟ’ಕ್ಕಿಂತ ‘ತ’ಕ್ಕೆ ಹತ್ತಿರ. (ಅಭ್ಯಾಸಬಲದಿಂದ ಈ ಅಂಕಣದಲ್ಲಿ ನಾನೂ ‘ಟ’ ಎಂದೇ ಬರೆಯುತ್ತಿದ್ದೇನೆ, ಓದುವಾಗ ದಯವಿಟ್ಟು ನಾಲಗೆಯನ್ನು ಮುಂದಕ್ಕೆ ತಂದುಕೊಳ್ಳಿ.) ಇದೊಂದನ್ನು ತಿದ್ದಿಕೊಂಡರೆ ಆಗುವಷ್ಟು ಬದಲಾವಣೆ ಬೇರಾವ ಒಂದೇ ಧ್ವನಿಯಿಂದಲೂ ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಉಸಿರು. ಪದದ ಆರಂಭದ, ಒತ್ತು (ನುಡಿಯುವಾಗಿನ ಬಲ) ಬೀಳುವ ಅಕ್ಷರದ ಪ, ಟ, ಕಗಳನ್ನು ಜರ್ಮನ್ನರು ಮಹಾಪ್ರಾಣಗಳನ್ನಾಗಿ ನುಡಿಯುತ್ತಾರೆ; ‘ದಿನ’ ಎಂಬರ್ಥದ ‘ಟಾಕ್’ ಅವರ ಬಾಯಲ್ಲಿ ‘ಥಾಕ್’ ಎಂಬುದಕ್ಕೆ ಸಮೀಪವಾಗಿರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಮಹಾಪ್ರಾಣಗಳಿದ್ದರೂ ಆಡುಮಾತಿನಲ್ಲಿ ಅವನ್ನು ನುಂಗಿಬಿಡುವುದು ನಮ್ಮ ರೂಢಿ. ಉಸಿರಿಲ್ಲದ ನಮ್ಮ ‘ಕ’ ಜರ್ಮನ್ ಕಿವಿಗೆ ಎಷ್ಟೋ ಸಲ ‘ಗ’ ಎಂದು ಕೇಳಿಸುತ್ತದೆ, ಹಾಗಾಗಿ ‘ಬೀಜದ ತಿರುಳು’ ಎಂಬರ್ಥದ ‘ಕೆರ್ನ್’ ಎಂದು ನೀವು ಹೇಳಿದ್ದು ‘ಸಂತೋಷದಿಂದ’ ಎಂಬರ್ಥದ ‘ಗೆರ್ನ್’ ಆಗಿಬಿಡಬಹುದು. ತುಟಿಯ ಮುಂದೆ ತೆಳುವಾದ ಕಾಗದದ ಚೂರೊಂದನ್ನು ಹಿಡಿದು ‘ಪೋಸ್ಟ್’ ಎನ್ನಿ. ಕಾಗದ ಅಲುಗದಿದ್ದರೆ ಉಸಿರು ಸಾಲದು ಎಂದರ್ಥ. ಆದರೆ ‘ಶ್ಟೈನ್’ ಎಂಬಂತೆ ಮುಂದೊಂದು ‘ಶ’ಕಾರವಿದ್ದಾಗ ಈ ಉಸಿರು ಬೇಡ.

ಮೂರನೆಯದು ಒತ್ತಕ್ಷರ. ‘ದಯವಿಟ್ಟು’ ಎಂಬರ್ಥದ ಪದವನ್ನು ರೋಮನ್ ಲಿಪಿಯಲ್ಲಿ ಎರಡು ಟ ಹಾಕಿ ಬರೆಯುವುದರಿಂದ ನಾವು ಅದನ್ನು ‘ಬಿಟ್ಟೆ’ ಎಂದು ಓದುತ್ತೇವೆ, ಆಗ ಏನನ್ನೋ ಬಿಟ್ಟುಬಂದವರ ಮಾತಿನಂತಾಗುತ್ತದೆ. ಕನ್ನಡದ ದ್ವಿತ್ವ ನಿಜವಾಗಿ ಎರಡು ಪಟ್ಟು ಹೊತ್ತು ನಿಲ್ಲುವ ವ್ಯಂಜನ; ಜರ್ಮನ್ನಿನ ದ್ವಿತ್ವವಾದರೋ ಹಿಂದಿನ ಸ್ವರ ಹ್ರಸ್ವ ಎಂಬುದಕ್ಕೆ ಬರಹದಲ್ಲಿ ಇಟ್ಟ ಗುರುತು ಮಾತ್ರ. ಅದು ‘ಬಿಟೆ’ ಅಷ್ಟೆ. ಹಾಗೆಯೇ ‘ಓಫೆನ್’ ಎಂದರೆ ಒಲೆ, ‘ಒಫೆನ್’ ಎಂದರೆ ತೆರೆದದ್ದು; ‘ಒಫ್ಫೆನ್’ ಎಂಬ ಉಚ್ಚಾರಣೆ ಇಲ್ಲ. ಹ್ರಸ್ವ-ದೀರ್ಘಗಳ ಭೇದ ಕನ್ನಡಿಗರಿಗೆ ಹುಟ್ಟಿನಿಂದ ಬಂದದ್ದಾದ್ದರಿಂದ ಇಲ್ಲಿ ನಿಮಗೆ ದೊಡ್ಡ ಅನುಕೂಲವಿದೆ, ವ್ಯಂಜನವನ್ನು ಜಗ್ಗದಿದ್ದರೆ ಸಾಕು.

ನಾಲ್ಕನೆಯದನ್ನು ಯಾವ ಪಠ್ಯಪುಸ್ತಕವೂ ಕನ್ನಡಿಗರಿಗೆಂದು ಬಿಡಿಸಿ ಹೇಳಿದ್ದನ್ನು ನಾನು ಕಂಡಿಲ್ಲ: ನಮ್ಮ ಸಂಧಿ. ‘ಮನೆ’ಗೆ ‘ಅನ್ನು’ ಸೇರಿದರೆ ನಡುವೆ ‘ಯ’ ಬರುತ್ತದೆ, ‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರಿದರೆ ‘ಉ’ ಲೋಪವಾಗುತ್ತದೆ. ಎರಡು ಸ್ವರಗಳ ನಡುವೆ ಬಿರುಕು ಬಿಡುವುದನ್ನು ಕನ್ನಡ ಸಹಿಸದು. ಜರ್ಮನ್ನಿಗೆ ಬೇಕಾದದ್ದು ಆ ಬಿರುಕೇ. ಸ್ವರದಿಂದ ಆರಂಭವಾಗುವ ಪದ ಅಥವಾ ಧಾತುವಿನ ಮುಂದೆ, ಮುಖ್ಯವಾಗಿ ಒತ್ತು ಬೀಳುವಲ್ಲಿ, ಗಂಟಲನ್ನು ಕ್ಷಣಕಾಲ ಮುಚ್ಚಿ ತೆರೆಯಬೇಕು. ‘ಏರ್ ಇಸ್ಟ್ ಔಖ್ ಅಲ್ಟ್’ (ಅವನಿಗೂ ವಯಸ್ಸಾಗಿದೆ) ಎಂಬ ವಾಕ್ಯ ನಮ್ಮ ಬಾಯಲ್ಲಿ ‘ಯೇರಿಸ್ಟೌಖಲ್ಟ್’ ಎಂಬ ಒಂದೇ ಪದವಾಗುತ್ತದೆ. ಆರಂಭದ ಆ ‘ಯ’ವನ್ನೂ ಗಮನಿಸಿ: ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎಂದೂ, ‘ಒಂದು’ ಎಂದು ಬರೆದು ‘ವೊಂದು’ ಎಂದೂ ನುಡಿಯುವ ಅಭ್ಯಾಸ ಅಲ್ಲಿಗೂ ನಮ್ಮನ್ನು ಹಿಂಬಾಲಿಸುತ್ತದೆ. ಅರ್ಥವೇ ಕೆಡುವ ಸಂದರ್ಭಗಳೂ ಇವೆ. ‘ಫೆರ್’ ಮತ್ತು ‘ಐಜ಼ೆನ್’ ನಡುವೆ ಬಿರುಕಿಟ್ಟರೆ ‘ಹಿಮಗಟ್ಟು’ ಎಂದರ್ಥ. ಬಿರುಕು ಮುಚ್ಚಿ ‘ಫೆರ್ರೈಜ಼ೆನ್’ ಎಂದರೆ ‘ಪ್ರವಾಸ ಹೋಗು’ ಎಂದಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಈ ಬಿರುಕು ಅಷ್ಟಾಗಿ ಕೇಳಿಸುವುದಿಲ್ಲ, ಆದರೆ ಜರ್ಮನಿಯಲ್ಲಿ ಅದಿಲ್ಲದ ಮಾತು ಕೂಡಲೇ ಪರಕೀಯವೆನಿಸುತ್ತದೆ.

ಕೊನೆಯದು ಪದಾಂತ್ಯ. ಕನ್ನಡದ ಪದ ಸ್ವರದಲ್ಲಿ ಮುಗಿಯಬಯಸುತ್ತದೆ. ಬಸ್ ನಮಗೆ ಬಸ್ಸಾಗಿದೆ, ಕಾರ್ ಕಾರಾಗಿದೆ, ಎರಡಕ್ಕೂ ‘ಉ’ಕಾರದ ಬಾಲ ಬೆಳೆದಿದೆ. ‘ಮತ್ತು’ ಎಂಬರ್ಥದ ಪದ ಬರಹದಲ್ಲಿ ‘ಡ’ಕಾರಾಂತವಾಗಿರುವುದರಿಂದ ಅವಸರದಲ್ಲಿ ಅದು ‘ಉಂಡು’ ಆಗುತ್ತದೆ, ಅಲ್ಲಿಗೆ ಒಂದೇ ಪದದಲ್ಲಿ ಎರಡು ತಪ್ಪುಗಳಾದವು. ಜರ್ಮನ್ನಿನಲ್ಲಿ ಪದದ ಕೊನೆಗೆ ಬರುವ ಬ, ಡ, ಗಗಳು ಪ, ಟ, ಕಗಳಾಗಿ ಗಡುಸಾಗುತ್ತವೆ, ಆದ್ದರಿಂದ ಅದು ‘ಉಂಟ್’. ಇದೇ ಕಾರಣಕ್ಕೆ ‘ಚಕ್ರ’ ಮತ್ತು ‘ಸಲಹೆ’ ಎಂಬರ್ಥದ ಎರಡು ಪದಗಳು, ಬರಹದಲ್ಲಿ ಒಂದು ‘ಡ’ದಿಂದ ಇನ್ನೊಂದು ‘ಟ’ದಿಂದ ಮುಗಿದರೂ, ಕಿವಿಗೆ ಒಂದೇ ‘ರಾಟ್’ ಆಗಿ ಕೇಳಿಸುತ್ತವೆ.

ಇನ್ನು ಅವರು ಇಂಗ್ಲಿಷ್‌ಗೆ ಹೊರಳುವುದರ ಬಗ್ಗೆ ಹೇಳುವುದಾದರೆ, ಅದಕ್ಕೆ ಧಾಟಿಯೊಂದೇ ಕಾರಣವಲ್ಲ. ಪದಕ್ಕಾಗಿ ತಡವರಿಸಿದಾಗ ಸೌಜನ್ಯದಿಂದಲೂ ಹೊರಳುತ್ತಾರೆ. ನೀವು ಜರ್ಮನ್ನಿನಲ್ಲೇ ಉತ್ತರಿಸುತ್ತ ಹೋದರೆ ಅನೇಕರು ಮರಳಿ ಬರುತ್ತಾರೆ.

ಪ್ರಶ್ನೆ: ವಯಸ್ಕರಾದ ಮೇಲೆ ಕಲಿತ ಭಾಷೆಯಲ್ಲಿ ಪರಕೀಯ ಧಾಟಿ ಸಂಪೂರ್ಣವಾಗಿ ಹೋಗುವುದು ಸಾಧ್ಯವೇ?

ಉತ್ತರ: ಅಪರೂಪಕ್ಕೆ ಸಾಧ್ಯವಾಗುತ್ತದೆ, ಆದರೆ ಅದನ್ನೇ ಗುರಿಯಾಗಿಟ್ಟುಕೊಳ್ಳಬೇಡಿ. ಭಾಷೆಯನ್ನು ಸಹಜವಾಗಿ ಮೈಗೂಡಿಸಿಕೊಳ್ಳುವ ಕಾಲಾವಧಿ ಹದಿಹರೆಯದ ಹೊತ್ತಿಗೆ ಮುಗಿಯುತ್ತದೆ ಎಂಬ ವಾದವನ್ನು ಭಾಷಾವಿಜ್ಞಾನಿ ಎರಿಕ್ ಲೆನ್ನೆಬರ್ಗ್ 1967ರಲ್ಲಿ ಮುಂದಿಟ್ಟರು; ಆ ಗಡಿ ಎಷ್ಟು ಕಟ್ಟುನಿಟ್ಟಿನದು ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಜರ್ಮನ್ನಿನಿಂದ ಇಂಗ್ಲಿಷ್‌ಗೆ ಹೋದವರ ಒಂದು ಪ್ರಸಿದ್ಧ ಉದಾಹರಣೆ ನನಗೆ ಬಹಳ ಇಷ್ಟ. ಮುಂದೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾದ ಹೆನ್ರಿ ಕಿಸಿಂಜರ್ 1938ರಲ್ಲಿ, ತಮ್ಮ 15ನೆಯ ವಯಸ್ಸಿನಲ್ಲಿ, ಕುಟುಂಬದೊಡನೆ ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದರು ಮತ್ತು ಕೊನೆಯವರೆಗೂ ದಟ್ಟವಾದ ಜರ್ಮನ್ ಧಾಟಿಯಲ್ಲೇ ಇಂಗ್ಲಿಷ್ ಮಾತನಾಡಿದರು. ಅವರಿಗಿಂತ ಒಂದೇ ವರ್ಷ ಚಿಕ್ಕವರಾದ ತಮ್ಮ ವಾಲ್ಟರ್ ಅವರ ಇಂಗ್ಲಿಷ್‌ನಲ್ಲಿ ಆ ಧಾಟಿ ಇರಲಿಲ್ಲ. ಒಂದೇ ಮನೆ, ಒಂದೇ ಪ್ರಯಾಣ, ಬೇರೆ ಬೇರೆ ನಾಲಗೆ. ಬರೀ ವಯಸ್ಸಿನ ಲೆಕ್ಕ ಹಿಡಿದು ಇದನ್ನು ವಿವರಿಸಲಾಗದು.

ಇದಕ್ಕಿಂತ ಮುಖ್ಯವಾದ ಮಾತೆಂದರೆ, ಧಾಟಿ ಬೇರೆ, ಅರ್ಥವಾಗುವಿಕೆ ಬೇರೆ. ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ ಎಂಬ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಟ್ಟವಾದ ಧಾಟಿಯುಳ್ಳ ಮಾತು ಎಂದು ಕೇಳುಗರು ಗುರುತಿಸಿದ ವಾಕ್ಯಗಳನ್ನೂ ಅದೇ ಕೇಳುಗರು ಎಷ್ಟೋ ಸಲ ಒಂದಕ್ಷರ ತಪ್ಪದೆ ಬರೆದುಕೊಂಡಿದ್ದರು. ಯುರೋಪಿನ ಭಾಷಾಮಟ್ಟಗಳ ಚೌಕಟ್ಟು ಕೂಡ 2001ರ ಆವೃತ್ತಿಯಲ್ಲಿ ಬಿ1 ಹಂತದವರಿಗೆ ಪರಕೀಯ ಧಾಟಿ ಇರಬಹುದೆಂದು ಒಪ್ಪಿತ್ತು. 2018ರಲ್ಲಿ ಉಚ್ಚಾರಣೆಯ ಮಾನದಂಡವನ್ನು ಮತ್ತೆ ಬರೆದಾಗ ಧಾಟಿಯ ನಿವಾರಣೆಗಿಂತ ಮಾತಿನ ಸ್ಪಷ್ಟತೆಗೆ ಒತ್ತು ಕೊಟ್ಟಿತು. ಆದ್ದರಿಂದ ಮೊದಲು ಅರ್ಥ ಕೆಡಿಸುವ ತಪ್ಪುಗಳನ್ನು ತಿದ್ದಿಕೊಳ್ಳಿ, ಆಮೇಲೆ ಕಿವಿಗೆ ಕಿರಿಕಿರಿ ಮಾಡುವುವನ್ನು.

ಪ್ರಶ್ನೆ: ಗಂಟಲಿನಿಂದ ಹೊರಡುವ ಜರ್ಮನ್ ‘ರ’ಕಾರ ನನಗೆ ಎಷ್ಟು ಪ್ರಯತ್ನಿಸಿದರೂ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಬಿಟ್ಟುಬಿಡಿ. ಬವೇರಿಯಾದಲ್ಲೂ ಸ್ವಿಟ್ಜರ್ಲೆಂಡಿನಲ್ಲೂ ನಾಲಗೆಯ ತುದಿಯಲ್ಲಿ ‘ರ’ ನುಡಿಯುವವರು ಬೇಕಾದಷ್ಟು ಮಂದಿ ಇದ್ದಾರೆ. 1898ರಲ್ಲಿ ಥಿಯೋಡರ್ ಜ಼ೀಬ್ಸ್ ರಂಗಭೂಮಿಗಾಗಿ ರೂಪಿಸಿದ ಉಚ್ಚಾರಣಾ ನಿಯಮಗಳು ಶಿಫಾರಸು ಮಾಡಿದ್ದೂ ಅದನ್ನೇ. ನಿಮ್ಮನ್ನು ಬಯಲಿಗೆಳೆಯುವುದು ಪದದ ಆರಂಭದ ‘ರ’ ಅಲ್ಲ, ಕೊನೆಯ ‘ರ’. ಅಲ್ಲಿ ಜರ್ಮನ್ನರು ‘ರ’ವನ್ನು ನುಡಿಯುವುದೇ ಇಲ್ಲ, ಅದು ಕರಗಿ ‘ಅ’ಕಾರದಂಥ ಸ್ವರವಾಗುತ್ತದೆ. ‘ಶಿಕ್ಷಕ’ ಎಂಬರ್ಥದ ‘ಲೇರರ್’ ಎಂಬ ಪದದ ಕೊನೆಯಲ್ಲಿ ಕೇಳುವುದು ‘ಲೇರ’ ಎಂಬಂತೆ. ಅದರ ಜೊತೆಗಾರ ಪದ ‘ಲೇರೆ’ (ಬೋಧನೆ, ಸಿದ್ಧಾಂತ) ಕೊನೆಯ ಸ್ವರದಿಂದ ಮಾತ್ರ ಬೇರೆಯಾಗುತ್ತದೆ. ಈ ಭೇದ ಕೈವಶವಾದರೆ ನಿಮ್ಮ ಉಳಿದ ‘ರ’ಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ನನ್ನ ಜರ್ಮನ್ ಯಾಂತ್ರಿಕವಾಗಿ, ಓದಿ ಹೇಳಿದಂತೆ ಕೇಳಿಸುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಬಿಡಿ ಧ್ವನಿಗಳೆಲ್ಲ ಸರಿಯಾಗಿವೆಯಂತೆ. ಇದಕ್ಕೆ ಪರಿಹಾರವೇನು?

ಉತ್ತರ: ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲಿನ ಮಾತ್ರೆ ಸಲ್ಲುತ್ತದೆ, ಜರ್ಮನ್ನಿನಲ್ಲಿ ಒತ್ತು ಬಿದ್ದ ಅಕ್ಷರ ಉಬ್ಬಿ, ಉಳಿದವು ಕುಗ್ಗುತ್ತವೆ. ನೀವು ‘ಹಾಬೆನ್’ ಎಂದು ಎರಡೂ ಅಕ್ಷರಗಳನ್ನು ಸಮನಾಗಿ ಹೇಳುತ್ತಿರಬೇಕು, ಅವರ ಮಾತಿನಲ್ಲಿ ಅದು ‘ಹಾಬ್ಮ್’ ಎಂಬಷ್ಟು ಸವೆದಿರುತ್ತದೆ. ಇದು ಸೋಮಾರಿತನವಲ್ಲ, ಭಾಷೆಯ ನಡಿಗೆ.

ಒತ್ತಿನ ಸ್ಥಾನವನ್ನು ಪದದ ಜೊತೆಯಲ್ಲೇ ಕಲಿಯಬೇಕು. ಮೂಲ ಜರ್ಮನ್ ಪದಗಳಲ್ಲಿ ಅದು ಸಾಮಾನ್ಯವಾಗಿ ಧಾತುವಿನ ಮೊದಲ ಅಕ್ಷರದ ಮೇಲೆ, ಸಮಾಸಗಳಲ್ಲಿ ಬಹುಮಟ್ಟಿಗೆ ಪೂರ್ವಪದದ ಮೇಲೆ, ‘ಮುಜ಼ೀಕ್’, ‘ಶ್ಟುಡೆಂಟ್’ ಮುಂತಾದ ಎರವಲು ಪದಗಳಲ್ಲಿ ಕೊನೆಯ ಅಕ್ಷರದ ಮೇಲೆ ಬೀಳುತ್ತದೆ. ಬೇರ್ಪಡುವ ಉಪಸರ್ಗಗಳಿರುವ ಕ್ರಿಯಾಪದಗಳಲ್ಲಿ ಉಪಸರ್ಗವೇ ಒತ್ತನ್ನು ಹೊರುತ್ತದೆ. ‘ಉಮ್‌ಫಾರೆನ್’ ಎಂಬ ಪದವನ್ನು ತೆಗೆದುಕೊಳ್ಳಿ: ‘ಫಾ’ ಮೇಲೆ ಒತ್ತು ಹಾಕಿದರೆ ಎದುರಿಗಿದ್ದವರನ್ನು ಬಳಸಿಕೊಂಡು ವಾಹನ ಓಡಿಸಿದಿರಿ ಎಂದಾಗುತ್ತದೆ, ‘ಉಮ್’ ಮೇಲೆ ಹಾಕಿದರೆ ಅವರಿಗೆ ಡಿಕ್ಕಿ ಹೊಡೆದು ಬೀಳಿಸಿದಿರಿ ಎಂದಾಗುತ್ತದೆ. ಪೊಲೀಸರ ಮುಂದೆ ಹೇಳಿಕೆ ಕೊಡುವಾಗ ಎಚ್ಚರವಿರಲಿ.

ಪ್ರಶ್ನೆ: ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಬಿಡುವಿದೆ. ಅದನ್ನು ಹೇಗೆ ಬಳಸಲಿ? ನಾಲಗೆ ಹೊರಳಿಸುವ ಒಗಟುಗಳು ಉಪಯುಕ್ತವೇ?

ಉತ್ತರ: ‘ಫಿಷರ್ಸ್ ಫ್ರಿಟ್ಸ್’ ಎಂದು ಶುರುವಾಗುವಂಥ ನಾಲಗೆ ಹೊರಳುಗಳು ಮನರಂಜನೆಗೆ ಚೆನ್ನ, ಅವು ಜರ್ಮನ್ನರಿಗೂ ಕಷ್ಟವೇ, ಅವುಗಳಿಂದ ಧಾಟಿ ಬದಲಾದದ್ದನ್ನು ನಾನು ಕಂಡಿಲ್ಲ. ಇಪ್ಪತ್ತು ನಿಮಿಷಗಳಲ್ಲಿ ಮೊದಲ ಐದನ್ನು ಬರೀ ಕೇಳುವುದಕ್ಕೆ ಮೀಸಲಿಡಿ, ಏಕೆಂದರೆ ಕಿವಿ ಬೇರ್ಪಡಿಸಲಾರದ್ದನ್ನು ನಾಲಗೆಯೂ ಬೇರ್ಪಡಿಸಲಾರದು. ಡೂಡೆನ್ ನಿಘಂಟಿನ ಜಾಲತಾಣದಲ್ಲಿ ಅನೇಕ ಪದಗಳ ಧ್ವನಿಮುದ್ರಣವಿದೆ. ‘ಪ್ರಾರ್ಥಿಸು’ ಎಂಬರ್ಥದ ‘ಬೇಟೆನ್’, ‘ಹಾಸಿಗೆಗಳು’ ಎಂಬರ್ಥದ ‘ಬೆಟೆನ್’ ಇಂಥ ಜೋಡಿಗಳನ್ನು ಕಣ್ಣು ಮುಚ್ಚಿ ಗುರುತಿಸಲು ಯತ್ನಿಸಿ.

ಅನಂತರ ನಿಮ್ಮದೇ ವಯಸ್ಸಿನ, ನಿಮ್ಮ ಕಂಠಕ್ಕೆ ಹೊಂದುವ ಒಬ್ಬರೇ ವ್ಯಕ್ತಿಯ ಮಾತನ್ನು ಆರಿಸಿಕೊಂಡು, ಅರ್ಧ ನಿಮಿಷದ ತುಣುಕೊಂದನ್ನು ಅವರ ಧ್ವನಿಯ ಬೆನ್ನ ಹಿಂದೆಯೇ ನೆರಳಿನಂತೆ ನುಡಿಯುತ್ತ ಹೋಗಿ, ಅಕ್ಷರಗಳಿಗಿಂತ ಏರಿಳಿತವನ್ನು ಹಿಡಿಯಿರಿ. ಡಾಯ್ಚ ವೆಲೆ ಸಂಸ್ಥೆ ಕಲಿಯುವವರಿಗೆಂದು ನಿಧಾನವಾಗಿ ಓದಿದ ವಾರ್ತೆಗಳನ್ನು ಪ್ರಸಾರ ಮಾಡುತ್ತದೆ, ಅದೇ ಪಠ್ಯವನ್ನು ಸಹಜ ವೇಗದಲ್ಲೂ ಕೊಡುತ್ತದೆ. ಬಿಡಿ ಧ್ವನಿಗಳನ್ನು ಗಮನಿಸಲು ನಿಧಾನದ್ದನ್ನು ಬಳಸಿ, ಆದರೆ ಅನುಕರಿಸಲು ಸಹಜ ವೇಗದ್ದೇ ಆಗಬೇಕು. ಇಲ್ಲದಿದ್ದರೆ ಮೇಲಿನ ಪ್ರಶ್ನೆ ಕೇಳಿದವರಂತೆ ನೀವೂ ವಾರ್ತೆ ಓದುತ್ತಿರುವಂತೆ ಕೇಳಿಸುತ್ತೀರಿ.

ಉಳಿದ ಹೊತ್ತಿನಲ್ಲಿ ಅದೇ ತುಣುಕನ್ನು ನೋಡಿಕೊಳ್ಳದೆ ಸ್ವಂತ ಮಾತಿನಲ್ಲಿ ಹೇಳಿ, ಮೊಬೈಲಿನಲ್ಲಿ ಮುದ್ರಿಸಿಕೊಂಡು, ಮೂಲದ ಪಕ್ಕದಲ್ಲಿಟ್ಟು ಕೇಳಿ. ಕೇಳುವಾಗ ಎಲ್ಲ ತಪ್ಪುಗಳನ್ನೂ ಹುಡುಕಬೇಡಿ. ಎರಡು ವಾರ ‘ಟ’ ಮತ್ತು ‘ಡ’ಗಳನ್ನು ಮಾತ್ರ, ಮುಂದಿನ ಎರಡು ವಾರ ಸ್ವರದ ಮುಂದಿನ ಬಿರುಕನ್ನು ಮಾತ್ರ ಗಮನಿಸಿ. ಮೊದಲ ದಿನದ ಮುದ್ರಣವನ್ನು ಅಳಿಸಬೇಡಿ. ಮೂರು ತಿಂಗಳ ನಂತರ ಅದನ್ನು ಹೊಸದರೊಡನೆ ಹೋಲಿಸಿ ಕೇಳಬೇಕಾಗುತ್ತದೆ.