ಮನೆ ಮಾತು: ಮೇಸ್ತ್ರಿಗೆ ಹೇಳೋರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಮನೆ ಕಟ್ಟಿಸುತ್ತಿರುವವರದ್ದೇ ಜಾಸ್ತಿ. ನಕ್ಷೆ ಬರೆಯುತ್ತಾ, ಸೈಟಿನ ಮರಳು ತುಳಿಯುತ್ತಾ ಅರ್ಧ ಆಯುಷ್ಯ ಕಳೆದವಳು ನಾನು. ಹಾಗಾಗಿ ಸಿಮೆಂಟಿನ ಮಾತೂ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಮ್ಮಾ, 30x40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಕಿಟಕಿ ಮಟ್ಟಕ್ಕೆ ಬಂದಿದೆ. ಸೈಟಿನ ಪಕ್ಕದ ಬೀದಿಯಲ್ಲೇ ಬಾಡಿಗೆಗಿದ್ದೇವೆ. ಬೆಳಿಗ್ಗೆ ಎದ್ದು ಗೋಡೆಗೆ ನೀರು ಹಾಕೋದು, ಗಾರೆಯವರಿಗೆ ಟೀ ಮಾಡೋದು, ಇಟ್ಟಿಗೆ ಲೋಡು ಎಣಿಸೋದು ಎಲ್ಲ ನನ್ನದೇ. ಯಜಮಾನರು ರಾತ್ರಿ ಟಾರ್ಚ್ ಹಿಡಿದು ಸೈಟ್ ನೋಡಿ ಬಂದು, "ಇದ್ಯಾಕೆ ಹೀಗಾಯ್ತು?" ಅಂತ ನನ್ನನ್ನೇ ಕೇಳುತ್ತಾರೆ. ಅತ್ತೆಯವರು ಈಗ ದೇವರ ಕೋಣೆ ಈಶಾನ್ಯಕ್ಕೆ ಬರಬೇಕು ಅನ್ನುತ್ತಿದ್ದಾರೆ. ಶನಿವಾರ ಬಂತೆಂದರೆ ಜಗಳ. ಮಕ್ಕಳ ಓದು ಕೇಳುವವರಿಲ್ಲ. ಏನು ಮಾಡಲಿ?
– ಗೃಹಿಣಿ, ದಾವಣಗೆರೆ

ಉತ್ತರ: ನೀವು ಮಾಡುತ್ತಿರುವುದು ವಾಚ್‌ಮನ್, ಸೂಪರ್‌ವೈಸರ್ ಮತ್ತು ಅಡುಗೆಯವರು, ಮೂರೂ ಜನರ ಕೆಲಸ. ಸಂಬಳ ಹೋಗಲಿ, ಅಧಿಕಾರವೂ ಇಲ್ಲ. ಸಿಟ್ಟು ಬರದೆ ಇರುತ್ತದೆಯೇ?

ಮೊದಲು ನೀರಿನ ವಿಷಯ. ಇಟ್ಟಿಗೆ ಗೋಡೆ ಕನಿಷ್ಠ 7 ದಿನ ಒದ್ದೆಯಾಗಿರಬೇಕು. ಇನ್ನು ಸ್ವಲ್ಪ ದಿನಕ್ಕೆ ಮೋಲ್ಡ್, ಅಂದರೆ ಕಾಂಕ್ರೀಟ್ ತಾರಸಿ ಹಾಕುತ್ತಾರೆ. ಈಗ ಹೆಚ್ಚಾಗಿ ಬಳಸುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ ಅದರ ಮೇಲೆ ಪಾತಿ ಕಟ್ಟಿ 10 ದಿನವಾದರೂ ನೀರು ನಿಲ್ಲಿಸಬೇಕು. ನಿಮ್ಮೂರಿನ ಬಿಸಿಲಿಗೆ 14 ದಿನ ಅಂದುಕೊಳ್ಳಿ. ಪಿಲ್ಲರಿಗೆ ಗೋಣಿಚೀಲ ಸುತ್ತಿ ನೆನೆಸುತ್ತಿರಬೇಕು. ಇದೆಲ್ಲ ಒಬ್ಬರು ಪೈಪ್ ಹಿಡಿದು ಮುಗಿಸುವ ಕೆಲಸವಲ್ಲ. ಒಪ್ಪಂದದ ಕಾಗದ ತೆಗೆದು ನೋಡಿ, ಕ್ಯೂರಿಂಗ್, ಅಂದರೆ ಈ ನೀರು ಹಾಕುವ ಕೆಲಸ, ಯಾರ ಪಾಲಿಗೆ ಅಂತ ಬರೆದಿದೆಯೋ ಇಲ್ಲವೋ. ಸಾಮಾನು ನಿಮ್ಮದು, ಕೂಲಿ ಮಾತ್ರ ಅವರದು ಅನ್ನುವ ಬರೀ ಲೇಬರ್ ಕಾಂಟ್ರಾಕ್ಟ್ ಆಗಿದ್ದರೆ ಸಾಮಾನ್ಯವಾಗಿ ಅದು ಮನೆಯವರ ತಲೆಗೇ ಬರುತ್ತದೆ. ಹಾಗಿದ್ದರೆ ದಿನಕ್ಕಿಷ್ಟು ಅಂತ ಕೊಟ್ಟು ಒಬ್ಬರನ್ನು ಗೊತ್ತು ಮಾಡಿ. ಲಕ್ಷಗಟ್ಟಲೆ ಖರ್ಚು ಮಾಡುವ ಮನೆಯಲ್ಲಿ ಅಷ್ಟಕ್ಕೆ ಲೆಕ್ಕ ಹಾಕುವುದು ಯಾವ ಜಾಣತನ? ಟೀ ಕೂಡ ಅಷ್ಟೇ. ಹತ್ತಿರದ ಅಂಗಡಿಯಲ್ಲಿ ಲೆಕ್ಕ ಬರೆಸಿ.

ಇನ್ನು ಅಧಿಕಾರ. ಮೇಸ್ತ್ರಿಗೆ ಮನೆಯ ಒಬ್ಬರೇ ಹೇಳಬೇಕು. ಮೈಸೂರಿನಲ್ಲಿ ಒಂದು ಮನೆ ನೋಡಿದ್ದೆ. ಬೆಳಿಗ್ಗೆ ಮಾವ ಬಂದು ಕಿಟಕಿಯನ್ನು ಒಂದಡಿ ಆಚೆ ಸರಿಸಿ ಅಂದರು. ಮಧ್ಯಾಹ್ನ ಸೊಸೆ ಬಂದು ಮೊದಲಿನಂತೆ ಇರಲಿ ಅಂದಳು. ಮೇಸ್ತ್ರಿ ಎರಡನ್ನೂ ಮಾಡಿ ಎರಡನ್ನೂ ಬಿಲ್ಲಿಗೆ ಸೇರಿಸಿದ. ಅವನದೇನು ತಪ್ಪು? ನಿಮ್ಮ ಮನೆಯಲ್ಲಿ ಹಗಲೆಲ್ಲ ಸೈಟಿನ ಹತ್ತಿರ ಇರುವವರು ನೀವು. ಅಂದಮೇಲೆ ಹೇಳುವವರೂ ನೀವೇ ಆಗಿರಿ. ಯಜಮಾನರೇ ಮೇಸ್ತ್ರಿ ಎದುರು ನಿಂತು, "ಇನ್ನು ಮೇಲೆ ಇವರು ಹೇಳಿದ ಹಾಗೆ ಮಾಡಿ" ಅನ್ನಲಿ. ಅವರಿಗೆ ಅದು ಒಪ್ಪಿಗೆ ಇಲ್ಲವಾದರೆ ಮೇಸ್ತ್ರಿ ಫೋನು ಅವರ ಆಫೀಸಿಗೇ ಹೋಗಲಿ. ರಾತ್ರಿ ಟಾರ್ಚಿನ ತನಿಖೆ ಮಾತ್ರ ಬೇಡ.

ನಿಮ್ಮ ಅತ್ತೆಯವರ ವಿಷಯದಲ್ಲಿ ನಾನು ಸ್ವಲ್ಪ ಅವರ ಪರ. ಕಾಗದದ ನಕ್ಷೆ ಎಷ್ಟೋ ಹಿರಿಯರಿಗೆ ಅರ್ಥವಾಗುವುದಿಲ್ಲ. ತಲೆ ಆಡಿಸಿಬಿಡುತ್ತಾರೆ. ಗೋಡೆ ಎದ್ದ ಮೇಲೇ ಅವರಿಗೆ ಮನೆ ಕಾಣೋದು, ಬಾಯಿ ಬರೋದೂ ಆಗಲೇ. ಸುಣ್ಣದ ಗೆರೆ ಹಾಕಿದ ದಿನ ಅವರನ್ನು ಅದರೊಳಗೆ ನಡೆಸಿದ್ದರೆ ಅವತ್ತೇ ಹೇಳುತ್ತಿದ್ದರು. ಈಗ ಇಂಜಿನಿಯರನ್ನು ಒಂದೇ ಮಾತು ಕೇಳಿ. ಪಿಲ್ಲರ್ ಹಾಕಿ ಕಟ್ಟಿದ ಮನೆಯೇ? ಹೌದಾದರೆ ಒಳಗಿನ ನಾಲ್ಕೂವರೆ ಇಂಚಿನ ಗೋಡೆಯನ್ನು ಈ ಹಂತದಲ್ಲಿ ಸರಿಸುವುದು ದೊಡ್ಡ ಖರ್ಚಲ್ಲ, ಸರಿಸಿಬಿಡಿ. ದೇವರಿಗೆ ದೀಪ ಹಚ್ಚುವವರು ಅವರು. ಗೋಡೆಯೇ ಭಾರ ಹೊರುವ ಮನೆಯಾದರೆ ಮುಟ್ಟಬೇಡಿ. ಆಗ ಆ ಇಂಜಿನಿಯರೇ ಅತ್ತೆಗೆ ವಿವರಿಸಲಿ. ಸೊಸೆ ಬಾಯಲ್ಲಿ ಬಂದರೆ ಅದೇ ಮಾತು ಬೇರೆ ಥರ ಕೇಳಿಸುತ್ತದೆ.

ಇನ್ನೂ ನಿರ್ಧಾರವಾಗದ್ದು ಬಹಳ ಇದೆ. ಅಡುಗೆ ಕಟ್ಟೆ ಹಾಕುವ ಮೊದಲು ನೀವೂ ಅತ್ತೆಯವರೂ ಗೋಡೆಗೆ ಪಕ್ಕವಾಗಿ ನಿಂತು ಮೊಣಕೈ ಮಡಚಿ. ಮೊಣಕೈ ಎಲ್ಲಿಗೆ ಬರುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅದಕ್ಕಿಂತ ನಾಲ್ಕು ಇಂಚು ಕೆಳಗೆ ಕಟ್ಟೆಯ ಮೇಲ್ಮೈ ಬಂದರೆ ಚಪಾತಿ ಲಟ್ಟಿಸುವಾಗ ಭುಜ ಎಳೆಯುವುದಿಲ್ಲ. ನೆಲದ ಟೈಲ್ಸಿನ ದಪ್ಪ ಲೆಕ್ಕಕ್ಕೆ ಹಿಡಿಯೋದು ಮರೀಬೇಡಿ, ಮೇಸ್ತ್ರಿಗಳು ಮರೆಯುವುದು ಅಲ್ಲೇ. ಇಬ್ಬರ ಗೆರೆಯೂ ತುಂಬಾ ದೂರವಿದ್ದರೆ ಯಾರು ಜಾಸ್ತಿ ಅಡುಗೆ ಮಾಡುತ್ತಾರೋ ಅವರ ಗೆರೆ. ಕರೆಂಟಿನವರು ಗೋಡೆ ಕೊರೆಯುವ ಹಿಂದಿನ ಭಾನುವಾರ ಮಕ್ಕಳ ಕೈಗೂ ಸೀಮೆಸುಣ್ಣ ಕೊಡಿ. ಓದುವ ಮೇಜು ಎಲ್ಲಿ, ಸ್ವಿಚ್ ಎಲ್ಲಿ ಅಂತ ಅವರೇ ಗುರುತು ಹಾಕಲಿ. ಅದೊಂದು ದಿನ ನಿಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿರುತ್ತೀರಿ.

ಶನಿವಾರದ ಜಗಳಕ್ಕೆ ಕಾರಣ ಹುಡುಕಬೇಕಿಲ್ಲ. ಅವತ್ತು ಗಾರೆಯವರ ಬಟವಾಡೆ. ಕೈ ಖಾಲಿ, ಮೈ ಸುಸ್ತು. ಆ ರಾತ್ರಿ ಲೆಕ್ಕದ ಪುಸ್ತಕ ಮುಟ್ಟಬೇಡಿ. ಭಾನುವಾರ ತಿಂಡಿ ಆದ ಮೇಲೆ ಇಬ್ಬರೂ ಕೂತು ಬರೆಯಿರಿ. ಪುಸ್ತಕ ನಿಮ್ಮ ಕೈಯಲ್ಲಿರಲಿ.

ಪ್ರಶ್ನೆ: ತವರಿನ ಒಡವೆ ಮಾರಿ ಮನೆಗೆ ಹಾಕಿದ್ದೇವೆ. ಬ್ಯಾಂಕ್ ಸಾಲಕ್ಕೆ ನಾನೂ ಸಹಿ ಹಾಕಿದ್ದೇನೆ. ಸೈಟ್ ಮಾತ್ರ ಯಜಮಾನರೊಬ್ಬರ ಹೆಸರಲ್ಲಿದೆ. ಕೇಳಿದರೆ, "ಸಾಲದಲ್ಲಿ ನಿನ್ನ ಹೆಸರಿದೆಯಲ್ಲ" ಅನ್ನುತ್ತಾರೆ.
– ಹೆಸರು ಬೇಡ, ತುಮಕೂರು

ಉತ್ತರ: ಸಾಲದಲ್ಲಿ ಹೆಸರಿದ್ದರೆ ಸಾಲ ನಿಮ್ಮದು, ಮನೆ ನಿಮ್ಮದಲ್ಲ. ಕಂತು ತಪ್ಪಿದರೆ ಬ್ಯಾಂಕಿನವರು ನಿಮ್ಮನ್ನೂ ಕೇಳುತ್ತಾರೆ. ಆದರೆ ಮನೆಯ ಹಕ್ಕು ನೋಂದಣಿಯಾದ ಪತ್ರದಲ್ಲಿ ಹೆಸರಿದ್ದವರಿಗೆ. ಇವೆರಡೂ ಒಂದೇ ಅಂತ ನಂಬಿರುವ ಹೆಂಗಸರು ತುಂಬ ಜನ ಇದ್ದಾರೆ. ಗಂಡಂದಿರೂ ಇದ್ದಾರೆ, ಎಲ್ಲರೂ ಬೇಕೆಂದೇ ಹೇಳುವುದಿಲ್ಲ.

ತವರಿನ ಒಡವೆ ನಿಮ್ಮ ಸ್ತ್ರೀಧನ. ಕಷ್ಟಕಾಲಕ್ಕೆ ಗಂಡ ಬಳಸಿಕೊಂಡರೂ ಅದನ್ನು ಹಿಂದಿರುಗಿಸುವ ಹೊಣೆ ಅವನ ಮೇಲಿದೆ ಎಂದು ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಿದೆ. ಅದಕ್ಕಾಗಿ ಕೋರ್ಟಿಗೆ ಹೋಗಿ ಅನ್ನುತ್ತಿಲ್ಲ. ಒಡವೆ ಮಾರಿದ ರಸೀದಿ, ಆ ದುಡ್ಡು ಹೋದ ಬ್ಯಾಂಕ್ ಲೆಕ್ಕ ಜೋಪಾನ ಮಾಡಿ. ಯಜಮಾನರು ಮನಸ್ಸು ಮಾಡಿದರೆ ಒಂದು ಪಾಲನ್ನು ನಿಮ್ಮ ಹೆಸರಿಗೆ ದಾನಪತ್ರ ಮಾಡಿ ನೋಂದಾಯಿಸಬಹುದು. ಗಂಡ ಹೆಂಡತಿಗೆ ಮಾಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದಷ್ಟು ದುಬಾರಿಯಲ್ಲ. ಮೂಲಪತ್ರ ಬ್ಯಾಂಕಿನಲ್ಲಿ ಅಡ ಇರುವುದರಿಂದ ಮೊದಲು ಅವರ ಒಪ್ಪಿಗೆ ಬೇಕು. ಆಮೇಲೆ ಮನೆ ಕಂದಾಯದ ಖಾತೆಯಲ್ಲೂ ಹೆಸರು ಸೇರಿಸಿ. ಈ ಮಾತನ್ನು ಗೃಹಪ್ರವೇಶದ ನಂತರಕ್ಕೆ ಇಟ್ಟುಕೊಳ್ಳಬೇಡಿ. ಆಗ ಯಾರಿಗೂ ಅವಸರ ಇರುವುದಿಲ್ಲ.

ಪ್ರಶ್ನೆ: ಆಷಾಢ ಹಿಡಿಯುವ ಮೊದಲೇ ಗೃಹಪ್ರವೇಶ ಆಗಲಿ ಅಂತ ಅಪ್ಪನ ಹಠ. ಮರಗೆಲಸ, ಮೆಟ್ಟಿಲ ಕಂಬಿ ಬಾಕಿ. ಮನೆಯಲ್ಲಿ ಎರಡು ವರ್ಷದ ಮಗು ಇದೆ.
– ಓದುಗ, ಹಾಸನ

ಉತ್ತರ: ಪೂಜೆ ಬೇರೆ, ಸಾಮಾನು ಸಾಗಿಸುವುದು ಬೇರೆ. ಅಪ್ಪನವರು ಹೇಳಿದ ಮುಹೂರ್ತಕ್ಕೆ ಹಾಲುಕ್ಕಿಸಿ, ಒಂದು ರಾತ್ರಿ ಅಲ್ಲಿ ಮಲಗಿ, ಬಾಡಿಗೆ ಮನೆಗೆ ವಾಪಸ್ ಬನ್ನಿ. ಬಡ್ಡಿಯ ಜೊತೆ ಇನ್ನೊಂದು ತಿಂಗಳ ಬಾಡಿಗೆ ಭಾರವೇ, ಒಪ್ಪುತ್ತೇನೆ. ಆದರೂ ಮೆಟ್ಟಿಲಿಗೆ ಕಂಬಿ, ತಾರಸಿಗೆ ಪ್ಯಾರಪೆಟ್, ನೆಲದೊಳಗಿನ ನೀರಿನ ಸಂಪ್‌ಗೆ ಬೀಗ ಹಾಕುವಂಥ ಮುಚ್ಚಳ, ಈ ಮೂರೂ ಆಗದೆ ಮಗುವನ್ನು ಅಲ್ಲಿ ಇರಿಸಬೇಡಿ. ಪೂಜೆಯ ದಿನವೂ ಸಂಪಿನ ಹತ್ತಿರ ದೊಡ್ಡವರೊಬ್ಬರು ಇರಲಿ. ನೆಂಟರ ಗದ್ದಲದಲ್ಲಿ ಎಲ್ಲರೂ ಮಗು ಇನ್ನೊಬ್ಬರ ಹತ್ತಿರ ಇದೆ ಅಂದುಕೊಂಡಿರುತ್ತಾರೆ.

ಇನ್ನೊಂದು. ಗೃಹಪ್ರವೇಶದ ದಿನ ಶಾಲು ಹೊದಿಸಿ, ಫಲತಾಂಬೂಲ ಕೊಟ್ಟು ಕಂಟ್ರಾಕ್ಟರಿಗೆ ಮರ್ಯಾದೆ ಮಾಡಿ. ಕೊನೆಯ ಕಂತಿನ ಚೆಕ್ ಮಾತ್ರ ಕಂಬಿ ಕೂರಿಸಿದ ಮೇಲೆ.