ನಾನು ಕಲಬುರಗಿಯಲ್ಲಿದ್ದೇನೆ. ಖಗೋಳ ವಿಜ್ಞಾನ ಓದಿ, ಜನರಿಗೆ ವಿಜ್ಞಾನ ತಿಳಿಸೋದನ್ನೇ ವೃತ್ತಿ ಮಾಡಿಕೊಳ್ಳಬಹುದಾ?

ಖಂಡಿತ ಮಾಡಿಕೊಳ್ಳಬಹುದು. ಬಿ.ಎಸ್. ಶೈಲಜಾ ಅವರನ್ನೇ ನೋಡಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಸಂಶೋಧನೆ ಮಾಡಿ ಪಿಎಚ್‌.ಡಿ. ಪಡೆದವರು, ಆಮೇಲೆ ಅಲ್ಲಿನ ನೆಹರೂ ತಾರಾಲಯ ಸೇರಿ ನಿರ್ದೇಶಕರಾದರು, ಕನ್ನಡದಲ್ಲಿ ಬರೆದರು, ಜೊತೆಗೆ ಹಳೇ ಶಾಸನಗಳಲ್ಲಿರುವ ಗ್ರಹಣದ ದಾಖಲೆಗಳನ್ನೂ ಅಧ್ಯಯನ ಮಾಡಿದರು. ಜನರಿಗೆ ಹೇಳ್ತಾ ಹೇಳ್ತಾ ಸಂಶೋಧನೆ ಬಿಡಬೇಕಾಗಿಲ್ಲ, ಅಲ್ವಾ?

ಕಲಬುರಗಿಯಲ್ಲಿದ್ದೀರಿ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡಿ. ಊರಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ, ಹೋಗಿ ವಿಚಾರಿಸಿ. ಡಿಗ್ರಿಗಿಂತ ಜಾಸ್ತಿ ಬೇಕಾಗೋದು ಎದುರಿಗಿರೋ ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುವ ಅಭ್ಯಾಸ, ಅದು ಮಾಡಿ ಮಾಡಿಯೇ ಬರಬೇಕು.

ನೆರಳಿಲ್ಲದ ದಿನದಿಂದ ಆರಂಭಿಸಿ. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಹಾಗಾಗಿ ಮೇ 9ರ ಆಸುಪಾಸು ಒಮ್ಮೆ, ಆಗಸ್ಟ್ ಮೊದಲ ವಾರ ಇನ್ನೊಮ್ಮೆ ಸೂರ್ಯ ನೆತ್ತಿ ಮೇಲೆ ಬರುತ್ತಾನೆ. ಮೇ ತಿಂಗಳಲ್ಲಾದರೆ ಮಧ್ಯಾಹ್ನ 12:20ರ ಸುಮಾರಿಗೆ ಶಾಲೆಯ ಅಂಗಳದಲ್ಲಿ ಒಂದು ಪೈಪ್ ತುಂಡು ನೆಟ್ಟಗೆ ನಿಲ್ಲಿಸಿ, ನೆರಳು ಬುಡಕ್ಕೆ ಸರಿದು ಮಾಯವಾಗುತ್ತದೆ. ಆಗಸ್ಟ್‌ನಲ್ಲಿ ಮೋಡ ಕಾಡುತ್ತದೆ, ಮೇ ತಿಂಗಳೇ ವಾಸಿ. ಆದರೆ ಶಾಲೆಗೆ ರಜೆ ಇರುತ್ತದೆ, ಮಕ್ಕಳನ್ನು ಮೊದಲೇ ಕರೆದಿಡಿ.