ಬೆಳೆದ ನಾಯಿಯ ಚರ್ಮದ ಕೋಶವನ್ನು ಮತ್ತೆ ಕಾಂಡಕೋಶ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಮಾಡಬಹುದಾ? ಅದರಿಂದ ಏನು ಪ್ರಯೋಜನ?

ಮಾಡಬಹುದು. ಚರ್ಮದ ಕೋಶದಲ್ಲೂ ಇಡೀ ನಾಯಿಯ ಡಿಎನ್‌ಎ ಇದ್ದೇ ಇರುತ್ತದೆ. ಚರ್ಮಕ್ಕೆ ಬೇಡದ ಜೀನ್‌ಗಳು ಬಾಯಿ ಮುಚ್ಚಿಕೊಂಡಿರುತ್ತವೆ, ಅಷ್ಟೇ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ತಂಡ ಇಲಿಯ ಕೋಶಕ್ಕೆ ನಾಲ್ಕೇ ನಾಲ್ಕು ಜೀನ್ ಸೇರಿಸಿ, ಅದನ್ನು ಭ್ರೂಣದ ಕೋಶದಂಥ ಸ್ಥಿತಿಗೆ ಮರಳಿಸಿತು. 2012ರಲ್ಲಿ ಅವರಿಗೆ ನೊಬೆಲ್ ಬಂತು.

ನಾಯಿಯಲ್ಲೂ ಇದೇ ದಾರಿ. ಚರ್ಮದ ಸಣ್ಣ ಚೂರು ತೆಗೆದು ಲ್ಯಾಬಿನ ತಟ್ಟೆಯಲ್ಲಿ ಬೆಳೆಸುತ್ತಾರೆ. ಸಾಮಾನ್ಯವಾಗಿ ವೈರಸ್ ಮೂಲಕ ಜೀನ್‌ಗಳನ್ನು ಒಳಗೆ ಕಳಿಸುತ್ತಾರೆ. ಕೆಲವು ವಾರಗಳಲ್ಲಿ, ಉದ್ದುದ್ದ ಹರಡಿಕೊಂಡಿದ್ದ ಕೋಶಗಳ ನಡುವೆ ಅಲ್ಲಲ್ಲಿ ದುಂಡನೆಯ, ಒತ್ತಾದ ಗುಂಪುಗಳು ಕಾಣುತ್ತವೆ. ಅವೇ ಬೇಕಾದವು. ಹೆಚ್ಚಿನ ಕೋಶಗಳು ಬದಲಾಗುವುದೇ ಇಲ್ಲ.

ಇಲಿ ಬಿಟ್ಟು ನಾಯಿ ಯಾಕೆ ಅಂದರೆ, ನಮ್ಮಂತೆಯೇ ನಾಯಿಗೂ ಕಾಯಿಲೆ ತಾನಾಗೇ ಬರುತ್ತದೆ. ಡಾಬರ್‌ಮನ್‌ಗಳಲ್ಲಿ ಹೃದಯ ಹಿಗ್ಗಿ ಸೋಲುವ ರೋಗ ಜಾಸ್ತಿ. ಅಂಥ ನಾಯಿಯ ಚರ್ಮದಿಂದಲೇ ಹೃದಯದ ಕೋಶ ಬೆಳೆಸಿ, ಔಷಧಿಯನ್ನು ಮೊದಲು ತಟ್ಟೆಯಲ್ಲೇ ಪರೀಕ್ಷಿಸಬಹುದು, ಅಲ್ವಾ? ನನಗೆ ಇದೇ ದೊಡ್ಡ ಲಾಭ ಅನ್ನಿಸುತ್ತದೆ.

ಆದರೆ ಈ ಕೋಶಗಳನ್ನು ಸುಮ್ನೆ ಹಾಗೇ ದೇಹಕ್ಕೆ ಚುಚ್ಚುವಂತಿಲ್ಲ, ಗಡ್ಡೆ ಕಟ್ಟುತ್ತವೆ. ಆ ನಾಲ್ಕರಲ್ಲಿ ಒಂದಾದ ಸಿ-ಮಿಕ್ ಜೀನ್‌ಗಂತೂ ಕ್ಯಾನ್ಸರ್ ನಂಟೂ ಇದೆ.